ಹಿಮದ ಹಾದಿ, ನಮ್ಮೆಜಮಾನ್ರ ಸೊಂಟ

ಅಮೆರಿಕದ ಮಿಶಿಗನ್ ರಾಜ್ಯದ ಉತ್ತರದ ತುದಿಯಲ್ಲಿ, ಮೊಹಾಕ್ ಅನ್ನುವ ಪುಟ್ಟ ಊರು ದಾಟಿದ ಮೇಲೆ, ಹೆದ್ದಾರಿ ಪಕ್ಕ ಒಂದು ಎತ್ತರದ ಅಳತೆಗೋಲು ನಿಂತಿದೆ. ನೋಡೋಕೆ ದೊಡ್ಡ ಥರ್ಮಾಮೀಟರ್ ಥರ. ಅದು ತೋರಿಸೋದು ಮಾತ್ರ ಆ ಸೀಮೆಯಲ್ಲಿ ಬಿದ್ದ ಹಿಮದ ಲೆಕ್ಕ. ದಾಖಲೆ 1978–79ರ ಚಳಿಗಾಲದ್ದು: 390.4 ಇಂಚು. ಅಂದ್ರೆ ಹತ್ತಿರ ಹತ್ತಿರ ಹತ್ತು ಮೀಟರ್, ಮೂರಂತಸ್ತಿನ ಮನೆಯಷ್ಟು. ತೀರ್ಥಹಳ್ಳಿಯವಳಾದ ನನಗೆ ಯಾರೇ ಮಳೆ ಮಾತೆತ್ತಿದರೂ ಆಗುಂಬೆ ಲೆಕ್ಕ ಹೇಳಿ ಬೀಗುವ ಚಟ. ಈ ಕೋಲಿನ ಬುಡದಲ್ಲಿ ಕತ್ತೆತ್ತಿ ನಿಂತ ದಿನ ಆ ಚಟ ಬಿಟ್ಟೆ.

ಈ ಸೀಮೆಯ ಹೆಸರು ಕೀವಿನಾ. ಮ್ಯಾಪ್‌ನಲ್ಲಿ ಸುಪೀರಿಯರ್ ಸರೋವರದೊಳಗೆ ಚಾಚಿದ ಬಾಗಿದ ಬೆರಳಿನ ಹಾಗೆ ಕಾಣುತ್ತೆ. ವಾಯವ್ಯದಿಂದ ಬರುವ ಒಣ ಚಳಿಗಾಳಿ ಸರೋವರದ ಮೇಲೆ ಹಾದು ನೀರು ಹೀರಿಕೊಂಡು, ಈ ಬೆರಳಿನ ಗುಡ್ಡಗಳಿಗೆ ತಾಗಿದ ಕೂಡಲೇ ಹಿಮ ಸುರಿದುಬಿಡುತ್ತೆ. ಅರಬ್ಬಿ ಸಮುದ್ರದ ಮೋಡ ಆಗುಂಬೆ ಘಾಟಿಯಲ್ಲಿ ಮಾಡುವ ಕೆಲಸವೇ, ಚಳಿಯ ದೇಶದ ಲೆಕ್ಕದಲ್ಲಿ.

ಡೆಟ್ರಾಯಿಟ್ ಪಕ್ಕದ ನಮ್ಮ ಮನೆಯಿಂದ ಇಲ್ಲಿಗೆ ಸುಮಾರು 550 ಮೈಲಿ. ನಡುವೆ 1957ರಲ್ಲಿ ತೆರೆದ ಮ್ಯಾಕಿನಾ ಸೇತುವೆ, ಐದು ಮೈಲಿ ಉದ್ದ. ಸೇತುವೆ ಆಚೆಯ ಜನ ಈಚೆಯವರಾದ ನಮ್ಮನ್ನ ತಮಾಷೆಗೆ ‘ಟ್ರೋಲ್’ ಅಂತಾರೆ, ಅಂದ್ರೆ ಸೇತುವೆ ಕೆಳಗೆ ವಾಸಿಸುವ ಭೂತಗಳು ಅಂತ. ಇಂಟರ್ನೆಟ್ ಟ್ರೋಲಿಗೂ ಇದಕ್ಕೂ ಸಂಬಂಧ ಇಲ್ಲ.

ಜನ ಚಳಿಗಾಲದಲ್ಲಿ ಇಲ್ಲಿಗೆ ಬರೋದೇ ಸ್ನೋಮೊಬೈಲ್ ಓಡಿಸೋಕೆ. ಮುಂದೆ ಎರಡು ಸ್ಕೀ, ಹಿಂದೆ ಉದ್ದನೆಯ ರಬ್ಬರ್ ಟ್ರ್ಯಾಕ್, ನಡುವೆ ಎಂಜಿನ್ನು, ಮೇಲೆ ಬೈಕಿನ ಥರ ಸೀಟು. ಇಲ್ಲಿಯವರ ಬಾಯಲ್ಲಿ ‘ಸ್ಲೆಡ್’. ಎರಡು ವರ್ಷದ ಹಿಂದೆ ನಾವೂ ಎರಡು ಸೆಕೆಂಡ್ ಹ್ಯಾಂಡ್ ಸ್ಲೆಡ್ ತಗೊಂಡ್ವಿ. ಚಳಿಗಾಲದ ಆರು ತಿಂಗಳು ಮನೆಯೊಳಗೆ ಕೂತು ನೆಟ್‌ಫ್ಲಿಕ್ಸ್ ನೋಡಿ ನೋಡಿ ಗೋಡೆಗೆ ತಲೆ ಚಚ್ಚಿಕೊಳ್ಳೋ ಹಾಗಾಗಿತ್ತು. ಆಸೆ ಹತ್ತಿಸಿದ್ದು ನಾನು. ಮುಂದೆ ಆದದ್ದಕ್ಕೆಲ್ಲ ನಾನೇ ಹೊಣೆ ಅಂತ ಅನ್ನಿಸಿದ್ದು ಅದಕ್ಕೇ.

ಮೊದಲ ವರ್ಷದ ಪ್ಲ್ಯಾನ್ ಸರಳವಾಗಿತ್ತು. ಹೋಟನ್ ಪಟ್ಟಣದಿಂದ ಹೊರಟು ಕ್ಯಾಲುಮೆಟ್ ಮೇಲೆ ಹಾದು ಬೆರಳಿನ ತುದಿಯಲ್ಲಿರುವ ಕಾಪರ್ ಹಾರ್ಬರ್ ಮುಟ್ಟೋದು. ರಸ್ತೆಯಲ್ಲಾದರೆ ಐವತ್ತು ಮೈಲಿಯೊಳಗಿನ ದಾರಿ. ಹೋಟನ್‌ನಲ್ಲಿ ನೀರಿಗೆ ಅಡ್ಡವಾಗಿ ಒಂದು ಎರಡಂತಸ್ತಿನ ಸೇತುವೆ ಇದೆ. ಹಡಗು ಬಂದರೆ ನಡುವಿನ ಭಾಗವನ್ನೇ ಲಿಫ್ಟಿನ ಹಾಗೆ ಮೇಲೆತ್ತುತ್ತಾರೆ. ಕೆಳ ಅಂತಸ್ತಿನಲ್ಲಿ ಹಿಂದೆ ರೈಲು ಓಡುತ್ತಿತ್ತು. ಈಗ ಚಳಿಗಾಲ ಬಂತೆಂದರೆ ಅಲ್ಲಿ ಸ್ಲೆಡ್‌ಗಳ ಸಾಲು. ತಲೆ ಮೇಲೆ ಕಾರುಗಳು ಗುಡುಗುತ್ತಿರುವಾಗ ಕೆಳಗೆ ಸ್ಲೆಡ್ ಓಡಿಸಿಕೊಂಡು ಹೋಗೋ ಮಜಾನೇ ಬೇರೆ.

ಮೊದಲ ಇಪ್ಪತ್ತು ಮೈಲಿ ಸ್ವರ್ಗ. ರಾತ್ರಿ ಹೊತ್ತು ಗ್ರೂಮರ್ ಅನ್ನುವ ದೊಡ್ಡ ಯಂತ್ರ ಟ್ರೇಲ್ ಮೇಲೆ ಹಲಗೆ ಎಳೆದು ಸಮ ಮಾಡಿರುತ್ತೆ. ಬೆಳಿಗ್ಗೆ ಹೋದವರಿಗೆ ದೋಸೆ ಹೆಂಚಿನಂಥ ದಾರಿ. ನಾವು ಹೊರಟಿದ್ದು ಶನಿವಾರ ಹನ್ನೊಂದು ಗಂಟೆಗೆ. ಅಷ್ಟೊತ್ತಿಗೆ ನಮಗಿಂತ ಮುಂಚೆ ನೂರಾರು ಸ್ಲೆಡ್ ಹೋಗಿದ್ದವು. ಒಬ್ಬ ಆಕ್ಸಿಲರೇಟರ್ ಒತ್ತಿದಾಗ ಅವನ ಟ್ರ್ಯಾಕ್ ಒಂಚೂರು ಹಿಮ ಕೆದರುತ್ತೆ. ಹಿಂದಿನವನ ಸ್ಲೆಡ್ ಆ ಗುಳಿಗೆ ಇಳಿದು ಏಳುವಾಗ ಇನ್ನೊಂಚೂರು. ಮಧ್ಯಾಹ್ನದ ಹೊತ್ತಿಗೆ ದಾರಿಗೆ ಅಡ್ಡಡ್ಡ ಅಲೆ ಎದ್ದಿರುತ್ತೆ. ನಮ್ಮ ಮಣ್ಣು ರಸ್ತೆಗಳಲ್ಲಿ ಜೀಪು ಓಡಾಡಿ ಏಳುವಂಥದ್ದೇ ಸಾಲು ಉಬ್ಬು. ಮಂಡಿಯೆತ್ತರದ ಹಂಪುಗಳನ್ನು ಮೈಲಿಗಟ್ಟಲೆ ಒಂದರ ಪಕ್ಕ ಒಂದು ಹಾಕಿದ್ದಾರೆ ಅಂದುಕೊಳ್ಳಿ. ಇವಕ್ಕೆ ‘ಮೊಗಲ್’ ಅಂತ ಹೆಸರು. ಬಾಬರ್, ಅಕ್ಬರ್‌ಗೂ ಇದಕ್ಕೂ ಏನೂ ಸಂಬಂಧ ಇಲ್ಲ.

ಡೆಲವೇರ್ ಅನ್ನುವ ಹಳೇ ತಾಮ್ರದ ಗಣಿ ಊರಿನ ಹತ್ತಿರ ನಮ್ಮೆಜಮಾನ್ರ ಸ್ಲೆಡ್ ಒಂದು ಉಬ್ಬು ಹತ್ತಿ ಇಳಿದಾಗ ‘ಠಕ್’ ಅಂತ ಸದ್ದಾಯ್ತು. ಹಿಂದೆ ಇದ್ದ ನನಗೂ ಕೇಳಿಸ್ತು. ಇನ್ನೊಂದು ಉಬ್ಬು, ಇನ್ನೊಂದು ಠಕ್. ಮೂರನೆಯದಕ್ಕೆ ಅವರು ನಿಲ್ಲಿಸಿ, ಹ್ಯಾಂಡಲ್ ಮೇಲೆ ತಲೆ ಇಟ್ಟು ಕೂತುಬಿಟ್ಟರು. “ಏಳಕ್ಕಾಗ್ತಿಲ್ಲ ಮಾರಾಯ್ತಿ” ಅಂದರು. ಮೈನಸ್ ಹನ್ನೆರಡು ಡಿಗ್ರಿಯಲ್ಲಿ ಹಣೆ ಮೇಲೆ ಬೆವರು.

ದಾರಿಹೋಕ ಸ್ಲೆಡ್‌ನವರು ಸೇರಿ, ಹಿಮದ ಮೇಲೆ ಎಳೆಯುವ ತೊಟ್ಟಿಯಲ್ಲಿ ಮಲಗಿಸಿ ಹೆದ್ದಾರಿ ತನಕ ತಂದರು. ಸ್ಕ್ಯಾನ್‌ನಲ್ಲಿ ಸೊಂಟದ ಒಂದು ಮೂಳೆ ಒತ್ತಡಕ್ಕೆ ತುಸು ಜಜ್ಜಿದೆ ಅಂತ ಬಂತು. ನರಕ್ಕೆ ಏನೂ ಆಗಿಲ್ಲ, ಪುಣ್ಯ. ಎಂಟು ವಾರ ಬೆಲ್ಟು. ಆಸ್ಪತ್ರೆಯ ಕಾರಿಡಾರ್‌ನಲ್ಲಿ ಕೂತಿದ್ದಾಗ ಕೆನಡಾದ ಬೊಂಬಾರ್ಡಿಯರ್ ನೆನಪಾದ. 1934ರ ಚಳಿಗಾಲದಲ್ಲಿ, ಹಿಮ ಮುಚ್ಚಿದ ದಾರಿಯಲ್ಲಿ ಆಸ್ಪತ್ರೆ ಮುಟ್ಟಿಸಲಾಗದೆ ಪುಟ್ಟ ಮಗನನ್ನು ಕಳೆದುಕೊಂಡ ಕ್ವಿಬೆಕ್‌ನ ಮೆಕ್ಯಾನಿಕ್. ಅವನು ಹಿಮದ ಮೇಲೆ ಓಡುವ ಗಾಡಿಗಳನ್ನು ಮಾಡುತ್ತಾ ಹೋಗಿ, 1959ರಲ್ಲಿ ಒಬ್ಬರೋ ಇಬ್ಬರೋ ಕೂರುವ ಸ್ಕೀ-ಡೂ ಮಾರುಕಟ್ಟೆಗೆ ತಂದ. ಆಸ್ಪತ್ರೆ ಮುಟ್ಟೋದೇ ಕಷ್ಟವಾಗಿದ್ದ ಕಾಲದಿಂದ ಬಂದ ಗಾಡಿ ನಮ್ಮನ್ನ ನೇರ ಆಸ್ಪತ್ರೆಗೇ ತಂದು ಬಿಟ್ಟಿತ್ತು.

ಸ್ಲೆಡ್‌ಗಳನ್ನು ಟ್ರೇಲರ್‌ಗೆ ಏರಿಸಿಕೊಟ್ಟಿದ್ದು ಅಲ್ಲಿನ ಒಬ್ಬ ವಯಸ್ಸಾದ ಗ್ಯಾರೇಜಿನಾತ. ಮಾತು ಕಮ್ಮಿ. ನಮ್ಮೆಜಮಾನ್ರ ಸ್ಲೆಡ್‌ನ ಹಿಂಭಾಗವನ್ನು ಎರಡು ಸಲ ಕೈಯಿಂದ ಒತ್ತಿ ನೋಡಿ, “ಇದನ್ನ ಯಾರ ತೂಕಕ್ಕೆ ಸೆಟ್ ಮಾಡಿದೆ?” ಅಂತ ಕೇಳಿದ. ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಸೆಟ್ ಮಾಡಬೇಕು ಅನ್ನೋದೇ ಗೊತ್ತಿರಲಿಲ್ಲ!

ಏಪ್ರಿಲ್‌ನಲ್ಲಿ ಅವರು ಎರಡೂ ಸ್ಲೆಡ್ ಮಾರಾಟಕ್ಕಿದೆ ಅಂತ ಜಾಹೀರಾತು ಹಾಕಿದರು. ನಾನು ಸುಮ್ಮನಿದ್ದೆ. ಆದರೆ ಆ ಮುದುಕನ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿತ್ತು. ಕಾರು ಕಂಪನಿಯೊಂದರ ಸಾಫ್ಟ್‌ವೇರ್ ವಿಭಾಗದಲ್ಲಿ ಕೆಲಸ ನನ್ನದು. ದಿನವಿಡೀ ಬೇರೆಯವರ ಬಗ್ ಹುಡುಕುವವಳು ಮನೆಯಲ್ಲಿರೋ ಬಗ್ ನೋಡದೆ ಹೇಗೆ ಮಾರಲಿ?

ಮ್ಯಾನುಯಲ್ ತೆಗೆದು ಕೂತೆ. ಸ್ನೋಮೊಬೈಲ್‌ನ ಹಿಂದಿನ ಸಸ್ಪೆನ್ಷನ್ ಇರೋದು ಟ್ರ್ಯಾಕ್‌ನ ಸುತ್ತಿನೊಳಗೆ. ಎರಡು ಉದ್ದನೆಯ ಅಲ್ಯೂಮಿನಿಯಂ ಹಳಿ. ಹಳಿಯ ಅಡಿಯಲ್ಲಿ ಪ್ಲಾಸ್ಟಿಕ್ ಪಟ್ಟಿ, ಟ್ರ್ಯಾಕ್ ಜಾರಿಕೊಂಡು ಓಡೋದು ಅದರ ಮೇಲೆ. ಮುಂದೊಂದು ತೋಳು, ಹಿಂದೊಂದು ತೋಳು ಹಳಿಯನ್ನು ಗಾಡಿಗೆ ಜೋಡಿಸುತ್ತವೆ. ಎರಡಕ್ಕೂ ಒಂದೊಂದು ಶಾಕ್ ಅಬ್ಸಾರ್ಬರ್. ಉಬ್ಬಿಗೆ ಮೊದಲು ಎದೆ ಕೊಡೋದು ಮುಂದಿನ ಶಾಕು. ನಮ್ಮ ಭಾರ ಹೊರೋದು ಹೆಚ್ಚಾಗಿ ಹಿಂದಿನದು. ಹಿಂದೆ ಎರಡು ಕಡೆ ದಪ್ಪ ತಂತಿ ಸುತ್ತಿದ ಟಾರ್ಶನ್ ಸ್ಪ್ರಿಂಗ್ ಇರುತ್ತೆ. ಬಟ್ಟೆ ಒಣಹಾಕುವ ಕ್ಲಿಪ್ಪಿನ ಸ್ಪ್ರಿಂಗನ್ನು ದೊಡ್ಡದು ಮಾಡಿದ ಹಾಗೆ. ಅದರ ಕಾಲು ಒಂದು ತಿರುಗುವ ಗುಂಡಿಯ ಮೇಲೆ ಕೂತಿರುತ್ತೆ. ಗುಂಡಿ ತಿರುಗಿಸಿದರೆ ಸಾಫ್ಟ್, ಮೀಡಿಯಂ, ಹಾರ್ಡ್.

ಮೊದಲು ಮಾಡಬೇಕಾದ್ದು ಅಳತೆ. ಹಿಂದಿನ ಬಂಪರ್ ಎತ್ತಿ, ಸಸ್ಪೆನ್ಷನ್ ಪೂರ್ತಿ ಇಳಿಬಿದ್ದಾಗ ನೆಲದಿಂದ ಬಂಪರ್ ಎಷ್ಟು ಎತ್ತರ ಅಂತ ಗುರುತು ಹಾಕಬೇಕು. ಆಮೇಲೆ ಓಡಿಸುವವರು ಜಾಕೆಟ್ಟು, ಬೂಟು, ಹೆಲ್ಮೆಟ್ಟು ಎಲ್ಲ ಹಾಕ್ಕೊಂಡು ಕೂತಾಗ ಮತ್ತೆ ಅಳೆಯಬೇಕು. ನಡುವಿನ ವ್ಯತ್ಯಾಸವೇ ‘ಸ್ಯಾಗ್’, ಕೂತ ಮಾತ್ರಕ್ಕೆ ಗಾಡಿ ಎಷ್ಟು ಕುಸಿಯುತ್ತೆ ಅನ್ನೋದು. ಎಷ್ಟಿರಬೇಕು ಅನ್ನೋದನ್ನ ಆಯಾ ಗಾಡಿಯ ಮ್ಯಾನುಯಲ್ ಹೇಳುತ್ತೆ. ನಮ್ಮದರಲ್ಲಿ ಮೂರರಿಂದ ನಾಲ್ಕು ಇಂಚು.

ಈ ಅಳತೆಗೆ ಕೂರಬೇಕಾದ ಯಜಮಾನರು ಸ್ಲೆಡ್ ಹತ್ತಿರವೂ ಸುಳಿಯುತ್ತಿರಲಿಲ್ಲ. ಡಾಕ್ಟರು ಎಲ್ಲ ಸರಿಯಾಗಿದೆ ಅಂದ ಮೇಲೆ, ಆಗಸ್ಟಿನ ಒಂದು ಭಾನುವಾರ ಹಿಡಿದೆ. “ರೀ, ಕೊಳ್ಳೋಕೆ ಬಂದವರು ಸ್ಯಾಗ್ ಕೇಳಿದ್ರೆ ಏನ್ ಹೇಳ್ತೀರಿ? ಐದೇ ನಿಮಿಷ.” ಹೊರಗೆ ಮೂವತ್ತೆರಡು ಡಿಗ್ರಿ ಬಿಸಿಲು. ಗ್ಯಾರೇಜಿನಲ್ಲಿ ಇವರು ಸ್ನೋ ಸೂಟು, ಹೆಲ್ಮೆಟ್ಟು, ಕೈಗವಸು ಹಾಕಿ ಸ್ಲೆಡ್ ಮೇಲೆ ಕೂತಿದ್ದಾರೆ. ನಾನು ಟೇಪು ಹಿಡಿದು ಹಿಂದೆ ಮಂಡಿಯೂರಿದ್ದೀನಿ. ನಾಯಿ ಓಡಾಡಿಸ್ತಿದ್ದ ಪಕ್ಕದ ಮನೆಯಾತ ನಿಂತು ನೋಡಿ, ಏನೂ ಕೇಳದೆ ಹೋದ.

ಆರೂವರೆ ಇಂಚು! ಅಂದ್ರೆ ಇವರು ಕೂತ ಕೂಡಲೇ ಸಸ್ಪೆನ್ಷನ್ನಿನ ಓಟದ ಬಹುಪಾಲು ಮುಗಿದೇ ಹೋಗಿತ್ತು. ಉಬ್ಬು ಬಂದಾಗ ಕುಸಿಯೋಕೆ ಜಾಗವೇ ಇಲ್ಲ. ಆ ‘ಠಕ್’ ಸದ್ದು ಹಳಿ ಮೇಲಕ್ಕೆ ಬಂದು ತಳ ಬಡಿದದ್ದು, ಮಿಕ್ಕ ಪೆಟ್ಟನ್ನ ಹೀರಿದ್ದು ಇವರ ಬೆನ್ನುಮೂಳೆ. ಗುಂಡಿ ನೋಡಿದರೆ ಆಗಲೇ ‘ಹಾರ್ಡ್’ನಲ್ಲಿದೆ. ಗುಂಡಿ ತಿರುಗಿಸೋದರಿಂದ ಸ್ಪ್ರಿಂಗಿಗೆ ಮೊದಲೇ ಸ್ವಲ್ಪ ಬಿಗಿ ಕೊಟ್ಟ ಹಾಗಾಗುತ್ತೆ ಅಷ್ಟೇ, ಸ್ಪ್ರಿಂಗಿನ ಶಕ್ತಿ ಜಾಸ್ತಿ ಆಗಲ್ಲ. ಸೂಟು ಬೂಟು ಸೇರಿ ನೂರಾ ಆರು ಕೆ.ಜಿ. ತೂಗುವವರಿಗೆ ಆ ಸ್ಪ್ರಿಂಗೇ ಸಾಲದು.

ಆಮೇಲೆ ನನ್ನ ಸ್ಲೆಡ್ ಅಳೆದೆವು. ನಾನು ಐವತ್ನಾಲ್ಕು ಕೆ.ಜಿ. ಸ್ಯಾಗ್ ಒಂದೇ ಇಂಚು. ಹಿಂದಿನ ಮಾಲೀಕ ಅದನ್ನೂ ಹಾರ್ಡ್‌ನಲ್ಲಿಟ್ಟಿದ್ದ. ಅದಕ್ಕೇ ನನ್ನದು ಪ್ರತಿ ಉಬ್ಬಿಗೂ ಕುದುರೆ ಥರ ಒದೀತಿತ್ತು. ಅದು ಸ್ಲೆಡ್‌ನ ಸ್ವಭಾವ ಅಂದ್ಕೊಂಡಿದ್ದೆ. ಗುಂಡಿಯನ್ನು ಸಾಫ್ಟ್‌ಗೆ ತಿರುಗಿಸಿದೆ. ಖರ್ಚು ಸೊನ್ನೆ.

ಯಜಮಾನರದ್ದು ಅಷ್ಟು ಸುಲಭ ಇರಲಿಲ್ಲ. ಹೊಸಾ ಶಾಕ್‌ಗಳ ವಿಡಿಯೊ ನೋಡ್ತಾ ಹೋದರೆ ಎಲ್ಲವೂ ಬೇಕು ಅನ್ಸುತ್ತೆ. ಎರಡು ಶಾಕ್ ಸೇರಿ ಸಾವಿರ ಡಾಲರ್ ದಾಟುತ್ತಿತ್ತು. ಕಾರ್ಟ್‌ಗೆ ಹಾಕಿಯೂ ಇದ್ದೆ. ಅದಕ್ಕೆ ಮುಂಚೆ ಇರೋದನ್ನ ಬಿಚ್ಚಿ ನೋಡೋಣ ಅಂತ ಟ್ರ್ಯಾಕಿನ ಬಿಗಿ ಸಡಿಲಿಸಿ, ನಾಲ್ಕು ಬೋಲ್ಟ್ ತೆಗೆದು, ಸ್ಲೆಡ್ಡನ್ನು ಮಗ್ಗುಲಿಗೆ ಮಲಗಿಸಿ ಇಡೀ ಸಸ್ಪೆನ್ಷನ್ ಹೊರಗೆಳೆದೆ. ಸ್ಪ್ರಿಂಗಿನ ಕಾಲು ಬಿಡಿಸುವಾಗ ಮಾತ್ರ ಅದಕ್ಕೆಂದೇ ಬರುವ ಕೊಕ್ಕೆ ಬಳಸಿ, ಕಣ್ಣಿಗೆ ಕನ್ನಡಕ ಹಾಕ್ಕೊಳಿ. ಬಿಗಿಯಾಗಿದ್ದ ಸ್ಪ್ರಿಂಗ್ ಹಾರಿದರೆ ಬೆರಳು ಮುರಿಯೋಷ್ಟು ಜೋರಿರುತ್ತೆ.

ಒಳಗಿನ ಸ್ಥಿತಿ ನೋಡಿ ಹೊಟ್ಟೆ ಉರೀತು. ತೋಳುಗಳು ತಿರುಗುವ ಕೀಲುಗಳಲ್ಲಿ ಗ್ರೀಸ್ ಅನ್ನೋದೇ ಇಲ್ಲ. ಒಂದು ಕೀಲು ಕೈಯಲ್ಲಿ ತಿರುಗಿಸಿದರೆ ಹಳೇ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು. ಶಾಕ್‌ನ ತುದಿಯ ಬುಷ್ ಸವೆದು ಅಲ್ಲಾಡ್ತಿತ್ತು. ಗ್ರೀಸ್ ನಿಪ್ಪಲ್ ಮಾತ್ರ ಸಾಲಾಗಿ ಇವೆ, ಯಾರೂ ಗನ್ ಹಚ್ಚಿಲ್ಲ. ಶಾಕ್ ಎರಡನ್ನೂ ಬಿಚ್ಚಿ ರಿಪೇರಿ ಮಾಡುವ ಅಂಗಡಿಗೆ ಕಳಿಸಿದೆ. ಒಳಗಿನ ಎಣ್ಣೆ ಪಾತ್ರೆ ತೊಳೆದ ನೀರಿನ ಹಾಗಾಗಿತ್ತಂತೆ, ಒತ್ತಡಕ್ಕೆ ತುಂಬುವ ನೈಟ್ರೋಜನ್ ಪೂರಾ ಸೋರಿ ಹೋಗಿತ್ತಂತೆ. ಆ ಗ್ಯಾಸ್ ಇಲ್ಲದಿದ್ದರೆ ಶಾಕ್ ಬಿಸಿಯಾಗ್ತಾ ಆಗ್ತಾ ಎಣ್ಣೆ ನೊರೆಗಟ್ಟುತ್ತೆ, ತಡೆಯುವ ಶಕ್ತಿ ಕಳೆದುಕೊಳ್ಳುತ್ತೆ. ಮೊದಲ ಇಪ್ಪತ್ತು ಮೈಲಿ ಸ್ವರ್ಗವಾಗಿ, ಆಮೇಲೆ ನರಕವಾದದ್ದಕ್ಕೆ ದಾರಿಯೊಂದೇ ಕಾರಣ ಅಲ್ಲ ಅಂತ ಆಗ ಗೊತ್ತಾಯ್ತು.

ಕೊನೆಗೆ ಹಳೇ ಶಾಕ್‌ಗಳಿಗೇ ಹೊಸ ಎಣ್ಣೆ, ಹೊಸ ಸೀಲು, ಗ್ಯಾಸು, ಒಳಗಿನ ವಾಲ್ವನ್ನು ಇವರ ತೂಕಕ್ಕೆ ತಕ್ಕಂತೆ ಬದಲಾಯಿಸಿದ್ದು, ಜೊತೆಗೆ ಒಂದು ಜೋಡಿ ಹೆಚ್ಚು ಗಟ್ಟಿಯ ಟಾರ್ಶನ್ ಸ್ಪ್ರಿಂಗು, ಹೊಸ ಬುಷ್. ಎಲ್ಲ ಸೇರಿ ಹೊಸ ಶಾಕ್‌ಗಳ ಬೆಲೆಯ ಅರ್ಧಕ್ಕಿಂತ ಕಮ್ಮಿ. ನವೆಂಬರ್‌ನಲ್ಲಿ ಮತ್ತೆ ಕೂರಿಸಿ ಅಳೆದರೆ ಮೂರೂಮುಕ್ಕಾಲು ಇಂಚು. ಗುಂಡಿ ಇನ್ನೂ ಮೀಡಿಯಂನಲ್ಲೇ ಇತ್ತು. ಅವರು ಟೇಪು ನೋಡಿದರು, ಏನೂ ಹೇಳಲಿಲ್ಲ. ಜಾಹೀರಾತು ಮಾತ್ರ ಯಾವಾಗಲೋ ಕಾಣೆಯಾಗಿತ್ತು.

ಫೆಬ್ರುವರಿಯಲ್ಲಿ ಮತ್ತೆ ಕೀವಿನಾ. ಈ ಸಲ ಗುರುವಾರ, ಬೆಳಿಗ್ಗೆ ಎಂಟಕ್ಕೇ ಹೊರಟೆವು. ಸಸ್ಪೆನ್ಷನ್ ಎಷ್ಟೇ ಚೆನ್ನಾಗಿರಲಿ, ವಾರದ ನಡುವೆ ಬೇಗ ಹೊರಡೋದರಷ್ಟು ಬೆನ್ನಿಗೆ ಒಳ್ಳೇದು ಇನ್ನೊಂದಿಲ್ಲ. ಮೊದಲು ಕ್ಯಾಲುಮೆಟ್‌ವರೆಗೆ. ಇದು ಹಳೇ ರೈಲು ದಾರಿ, ನೆಟ್ಟಗಿದೆ. ಒಂದು ಕಾಲದಲ್ಲಿ ತಾಮ್ರದಿಂದ ಸಿರಿವಂತವಾಗಿದ್ದ ಊರು. ಕೆಂಪು ಕಲ್ಲಿನ ದೊಡ್ಡ ದೊಡ್ಡ ಕಟ್ಟಡಗಳು ಊರಿನ ಈಗಿನ ಜನಸಂಖ್ಯೆಗೆ ಅಳತೆ ಮೀರಿದ ಅಂಗಿಯ ಹಾಗೆ ಕಾಣುತ್ತವೆ. ಇಲ್ಲಿ ಪ್ಯಾಸ್ಟಿ ತಿನ್ನಲೇಬೇಕು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿ ಕೆಲಸಗಾರರು ಬುತ್ತಿಗೆ ತರುತ್ತಿದ್ದ, ಅಂಗೈಗಿಂತ ದೊಡ್ಡ ಖಾರದ ಕಡುಬು ಅದು. ಮಾಂಸ ಬೇಡ ಅಂದರೆ ಆಲೂಗಡ್ಡೆ, ಕ್ಯಾರೆಟ್ಟು, ರುಟಬೇಗಾ ಅನ್ನುವ ಗೆಡ್ಡೆ ತುಂಬಿದ್ದು ಸಿಗುತ್ತೆ. ಖಾರ ಅಂದೆ, ನಮ್ಮ ನಾಲಿಗೆಗೆ ಅದು ಖಾರವೇ ಅಲ್ಲ. ಜೇಬಿನಲ್ಲಿ ಚಟ್ನಿಪುಡಿ ಇರಲಿ.

ಮೊಹಾಕ್ ದಾಟಿದ ಮೇಲೆ ಕಳೆದ ಬಾರಿಯ ಅದೇ ಉಬ್ಬುಗಳು. ಅಷ್ಟೆತ್ತರ ಇರಲಿಲ್ಲ, ಇದ್ದವು. ಒಂದು ಅರ್ಧ ಮೈಲಿ ಜಾಗವನ್ನು ನಮ್ಮ ಪ್ರಯೋಗಶಾಲೆ ಮಾಡಿಕೊಂಡೆವು. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೇ ಜಾಗ, ಅದೇ ವೇಗ, ಫೋನಿನಲ್ಲಿ ಟಿಪ್ಪಣಿ. ಎರಡು ತಿರುಪು ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಏನಾಯ್ತು ಅನ್ನೋದು ದೇವರಿಗೂ ಗೊತ್ತಾಗಲ್ಲ.

ಮೊದಲ ಓಟದಲ್ಲಿ ತಳ ಬಡಿಯಲಿಲ್ಲ. ಆದರೆ “ಹ್ಯಾಂಡಲ್ ತಿರುಗಿಸೋಕೆ ಕಲ್ಲು ಎಳೆದ ಹಾಗಾಗ್ತಿದೆ” ಅಂದರು. ಗಟ್ಟಿ ಸ್ಪ್ರಿಂಗ್ ಹಿಂಭಾಗವನ್ನು ಎತ್ತಿದ್ದರಿಂದ ಭಾರ ಮುಂದಿನ ಸ್ಕೀಗಳ ಮೇಲೆ ಬಿದ್ದಿತ್ತು. ಮುಂದಿನ ತೋಳಿಗೆ ಒಂದು ಪಟ್ಟಿ ಕಟ್ಟಿರುತ್ತಾರೆ, ಲಿಮಿಟರ್ ಸ್ಟ್ರಾಪ್ ಅಂತ. ತೋಳು ಎಷ್ಟು ಕೆಳಗಿಳೀಬೇಕು ಅನ್ನೋದನ್ನ ಅದು ತಡೆಯುತ್ತೆ. ಪಟ್ಟಿಯನ್ನು ಒಂದು ತೂತು ಉದ್ದ ಬಿಟ್ಟೆ. ತೋಳು ಕೆಳಗಿಳಿದು ಟ್ರ್ಯಾಕಿನ ಮುಂಭಾಗ ಭಾರ ಹೊತ್ತಿತು, ಸ್ಕೀ ಹಗುರಾಯ್ತು. ಹೆಚ್ಚು ಬಿಟ್ಟರೆ ಆಕ್ಸಿಲರೇಟರ್ ಕೊಟ್ಟಾಗ ಸ್ಕೀ ನೆಲ ಬಿಟ್ಟು, ತಿರುವಿನಲ್ಲಿ ಗಾಡಿ ನೇರ ಮರಕ್ಕೇ ಹೋಗುತ್ತೆ. ಅದಕ್ಕೆ ಒಂದೇ ತೂತು.

ಎರಡನೇ ಓಟದಲ್ಲಿ ಹಿಂಭಾಗ ಒದೀತಿದೆ ಅಂದರು. ಹಿಂದಿನ ಶಾಕ್‌ನಲ್ಲಿ ರಿಬೌಂಡ್ ತಿರುಪು ಇತ್ತು, ಹಿಂದಿನ ಮಾಲೀಕನ ಕಾಲದಿಂದ ತುಕ್ಕು ಹಿಡಿದಿದ್ದು, ಅಂಗಡಿಯವರು ಬಿಡಿಸಿಕೊಟ್ಟಿದ್ದರು. ಕುಸಿದ ಶಾಕ್ ಮತ್ತೆ ಎಷ್ಟು ಬೇಗ ಚಾಚಬೇಕು ಅನ್ನೋದನ್ನ ಅದು ನಿರ್ಧರಿಸುತ್ತೆ. ಎರಡು ಕ್ಲಿಕ್ ನಿಧಾನ ಮಾಡಿದೆ. ಒದೆತ ನಿಂತಿತು. ಆದರೆ ಸಾಲಾಗಿ ಐದಾರು ಉಬ್ಬು ಬಂದಾಗ ಕೊನೆಯದಕ್ಕೆ ಧಡ್ ಅಂತು. ಒಂದು ಉಬ್ಬಿಗೆ ಕುಸಿದದ್ದು ಪೂರ್ತಿ ಏಳೋ ಮುಂಚೆ ಮುಂದಿನ ಉಬ್ಬು ಬಂದು, ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದು ಬಿಡುತ್ತೆ. ಒಂದು ಕ್ಲಿಕ್ ವಾಪಸ್ ಬಿಟ್ಟೆ. ಕೈಗವಸು ತೆಗೆದು ಹಾಕಿ ಬೆರಳು ಮರಗಟ್ಟಿತ್ತು.

ಮೂರನೇ ಓಟದಲ್ಲಿ ಅವರು ಮಂಡಿ ತುಸು ಬಗ್ಗಿಸಿ ಸೀಟಿನಿಂದ ಅರ್ಧ ಎದ್ದು, ಡೆಲವೇರ್ ಕಡೆ ನಿಲ್ಲಿಸದೇ ಹೋದರು. ಕಳೆದ ವರ್ಷ ಕೂತಿದ್ದ ಜಾಗ ಬಂತು. ನಾನು ಹಿಂದಿನಿಂದ ಅವರ ಹೆಲ್ಮೆಟ್ಟನ್ನೇ ನೋಡ್ತಾ ಇದ್ದೆ. ಸ್ಲೆಡ್ ಕೆಳಗಿಳೀತಿದೆ, ಏಳ್ತಿದೆ, ಹೆಲ್ಮೆಟ್ ಮಾತ್ರ ಹೆಚ್ಚು ಕಮ್ಮಿ ಒಂದೇ ಎತ್ತರದಲ್ಲಿ ಹೋಗ್ತಿದೆ. ನಾನು ಉಸಿರು ಬಿಟ್ಟಿದ್ದು ಅದಾದ ಒಂದು ಮೈಲಿಯ ಮೇಲೆ.

ಕಾಪರ್ ಹಾರ್ಬರ್ ಚಳಿಗಾಲದಲ್ಲಿ ಬೆರಳೆಣಿಕೆಯ ಮನೆಗಳ ಊರು. ಅದರಾಚೆ, ಫೋರ್ಟ್ ವಿಲ್ಕಿನ್ಸ್ ದಾಟಿದ ಮೇಲೆ, ಹೆದ್ದಾರಿ 41 ಒಂದು ಸುತ್ತು ಹಾಕಿ ಮುಗಿದೇಹೋಗುತ್ತೆ. ಇದೇ ರಸ್ತೆಯ ಇನ್ನೊಂದು ತುದಿ ಫ್ಲೋರಿಡಾದ ಮಯಾಮಿಯಲ್ಲಿದೆ, ಸುಮಾರು 1,990 ಮೈಲಿ ದೂರ. ಅಲ್ಲಿನವರು ಆ ಹೊತ್ತಿಗೆ ಚಡ್ಡಿ ಹಾಕ್ಕೊಂಡು ಓಡಾಡ್ತಿರುತ್ತಾರೆ. ಪಕ್ಕದ ಬ್ರಾಕ್‌ವೇ ಗುಡ್ಡದ ರಸ್ತೆಯ ಹಿಮ ತೆಗೆಯೋದಿಲ್ಲ, ಚಳಿಗಾಲದಲ್ಲಿ ಅದು ಸ್ಲೆಡ್‌ಗಳದ್ದೇ. ಮೇಲೆ ನಿಂತರೆ ಸುಪೀರಿಯರ್ ಸರೋವರ ಉಕ್ಕಿನ ಬಣ್ಣದಲ್ಲಿ ಮಲಗಿರುತ್ತೆ, ಆಚೆ ದಡ ಕಾಣಲ್ಲ. ಗಾಳಿ ಮುಖ ಕಿತ್ತು ಹೋಗೋ ಹಾಗೆ ಬೀಸ್ತಿತ್ತು. ಫೋಟೋ ತೆಗೆಯೋಕೆ ಫೋನ್ ಹೊರಗೆಳೆದರೆ ಚಳಿಗೆ ಸ್ವಿಚ್ ಆಫ್.

ಯಜಮಾನರು ಸ್ಲೆಡ್ ನಿಲ್ಲಿಸಿ, ತಾವೇ ಇಳಿದು, ಎರಡೂ ಕೈ ಸೊಂಟಕ್ಕಿಟ್ಟು ಹಿಂದಕ್ಕೆ ಬಾಗಿದರು. ನನ್ನ ಎದೆ ಧಸಕ್ಕೆಂದಿತು.

“ನೋಯ್ತಿದ್ಯಾ?”

“ಇಲ್ಲ. ಆ ರಿಬೌಂಡ್ ಇನ್ನೊಂದು ಕ್ಲಿಕ್ ಬಿಟ್ಟು ನೋಡಿದ್ರೆ ಹೇಗೆ?” ಅಂದರು. “ಸ್ಪ್ಯಾನರ್ ಎಲ್ಲಿಟ್ಟೆ?”

“ಅದಕ್ಕೆ ಸ್ಪ್ಯಾನರ್ ಬೇಡ, ಕೈಯಲ್ಲೇ ತಿರುಗುತ್ತೆ” ಅಂದೆ. ಆಗಲೇ ಅವರು ಕೈಗವಸು ಬಿಚ್ಚಿ ಹಿಮದಲ್ಲಿ ಮಂಡಿಯೂರಿದ್ದರು.